ಕರಿಯ ಮೋಟಾರಿನ ಮೆರುಗು

ಮೋಟಾರು ಗಾಡಿಗಳನ್ನು ಇಟ್ಟುಕೊಂಡವರಲ್ಲಿ ಕರಿಯ ಗಾಡಿಯವರದು ಒಂದು ಪ್ರತ್ಯೇಕ ಪಂಗಡ. ಬಿಳಿಯ ಗಾಡಿಯವನು ವಾರಕ್ಕೊಮ್ಮೆ ನೀರು ಹೊಯ್ಯಿಸಿ ನಿಶ್ಚಿಂತನಾಗಿರುತ್ತಾನೆ. ಕರಿಯ ಗಾಡಿಯವನಿಗಾದರೋ ಬೆಳಗ್ಗೆ ಕಂಡ ಮೆರುಗು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಕೊಂಡ ದಿವಸ ಕನ್ನಡಿಯಂತಿದ್ದ ಬಾನೆಟ್ಟು ಎರಡು ವರ್ಷದಲ್ಲಿ ಜೇಡರ ಬಲೆ ಹಬ್ಬಿದಂತೆ ಕಾಣುತ್ತದೆ. ಆಗ ಅವನು ಇನ್ನಷ್ಟು ಪಾಲಿಷ್ ಮಾಡಿಸುತ್ತಾನೆ. ಈ ಪಾಲಿಷ್ ಎಂಬ ಒಂದು ಮಾತಿನೊಳಗೆ ಪರಸ್ಪರ ವಿರುದ್ಧವಾದ ಎರಡು ಕೆಲಸಗಳು ಅಡಗಿವೆ. ಒಂದು, ಮೇಲ್ಮೈಯನ್ನು ಸವೆಸಿ ನುಣುಪು ಮಾಡುವುದು. ಇನ್ನೊಂದು, ಮೇಲ್ಮೈಗೆ ಏನನ್ನಾದರೂ ಹಚ್ಚಿ ಅದನ್ನು ಕಾಪಾಡುವುದು. ಮೊದಲನೆಯದು ವೆಚ್ಚ, ಎರಡನೆಯದು ಕಾವಲು. ಇವೆರಡೂ ಒಂದೇ ಹೆಸರಿನಲ್ಲಿ ಬೆರೆತುಹೋದದ್ದಕ್ಕೆ ಒಂದು ಇತಿಹಾಸವುಂಟು. ಆ ಬೆರಕೆಯಿಂದ ಇಂದಿಗೂ ಒಳ್ಳೆಯ ಬಣ್ಣ ಹಾಳಾಗುತ್ತಿರುವುದರಿಂದ ಅದನ್ನು ವಿಚಾರಿಸುವುದು ವ್ಯರ್ಥವಲ್ಲವೆಂದು ನಮ್ಮ ಭಾವನೆ.

ಕರಿಯ ಮೈ ತನ್ನ ದೋಷಗಳನ್ನು ಇಷ್ಟು ಬೇಗ ತೋರಿಸಿಕೊಳ್ಳುವುದೇಕೆಂಬುದನ್ನು ಮೊದಲು ಹೇಳಿಬಿಡಬೇಕು. ನುಣುಪಾದ ವಾರ್ನಿಷಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೪ ಪಾಲು ಮಾತ್ರ ಕನ್ನಡಿಯಿಂದ ಹಿಂದಿರುಗುವಂತೆ ಹಿಂದಿರುಗುತ್ತದೆ, ಉಳಿದುದು ಒಳಕ್ಕಿಳಿಯುತ್ತದೆ. ಬಿಳಿಯ ಗಾಡಿಯಲ್ಲಿ ಹೀಗೆ ಒಳಕ್ಕಿಳಿದ ಬೆಳಕು ಬಣ್ಣದ ಕಣಗಳಿಗೆ ತಾಕಿ, ಎಲ್ಲ ದಿಕ್ಕಿಗೂ ಚದುರಿ ಹೊರಬರುವುದರಿಂದ, ಆ ೪ ಪಾಲಿನ ಪ್ರತಿಬಿಂಬ ಅದರಲ್ಲಿ ಮುಳುಗಿಹೋಗುತ್ತದೆ. ಕರಿಯ ಗಾಡಿಯಲ್ಲಿ ಮಸಿಯ ಕಣಗಳು ಒಳಹೊಕ್ಕ ಬೆಳಕನ್ನು ನುಂಗಿಬಿಡುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಆ ೪ ಪಾಲು ಮಾತ್ರ. ಆದುದರಿಂದಲೇ ಕಪ್ಪು ಮೈ ಆಳವಾದ ಬಾವಿಯ ನೀರಿನಂತೆ ಮುಖವನ್ನು ತೋರಿಸುತ್ತದೆ. ಆದುದರಿಂದಲೇ ಕೂದಲಿಗಿಂತ ಸಣ್ಣ ಗೀರು ಬಿದ್ದರೂ ಅದು ಚದುರಿಸಿದ ಬೆಳಕು ಬೂದಿಯ ಗೆರೆಯಾಗಿ ಎದ್ದು ಕಾಣುತ್ತದೆ. ಬಿಸಿಲಿನಲ್ಲಿ ಸೂರ್ಯನ ಪ್ರತಿಬಿಂಬದ ಸುತ್ತಲೂ ಚಕ್ರಾಕಾರದ ಗೀರುಗಳನ್ನು ಕಂಡು, ಒರೆಸಿದವನು ಸುತ್ತು ಸುತ್ತಾಗಿ ಒರೆಸಿದನೆಂದು ದೂರುವುದುಂಟು. ಅದು ಅನ್ಯಾಯ. ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ; ಅವುಗಳಲ್ಲಿ ಬೆಳಕಿಗೆ ಅಡ್ಡವಾಗಿ ಇರುವಷ್ಟು ಮಾತ್ರ ಮಿನುಗುವುದರಿಂದ ಚಕ್ರದಂತೆ ತೋರುತ್ತದೆ. ನಾವು ಒಂದು ಹೆಜ್ಜೆ ಸರಿದು ನಿಂತರೆ ಚಕ್ರವೂ ನಮ್ಮೊಡನೆ ಸರಿಯುತ್ತದೆ.

ಕರಿಯ ಮೆರುಗಿನ ಮೇಲಣ ಮೋಹ ಮೋಟಾರಿಗಿಂತ ಎಷ್ಟೋ ಹಳೆಯದು. ಚೀನ ಜಪಾನುಗಳಲ್ಲಿ ಒಂದು ಜಾತಿಯ ಮರದ ಹಾಲನ್ನು ತೆಳುವಾಗಿ ಹಚ್ಚಿ, ತೇವವುಳ್ಳ ಗಾಳಿಯಲ್ಲಿ ಗಟ್ಟಿಯಾಗಿಸಿ, ಲೇಪದ ಮೇಲೆ ಲೇಪವಿಟ್ಟು ಉಜ್ಜುತ್ತಿದ್ದರು. ನಮ್ಮ ದೇಶದ ಅರಗು ಬೇರೆಯದು. ಅದು ಮರದ ಹಾಲಲ್ಲ, ಕೊಂಬೆಗಳ ಮೇಲೆ ಕೂರುವ ಅರಗಿನ ಹುಳುವಿನಿಂದ ಬಂದದ್ದು. ಚನ್ನಪಟ್ಟಣದ ಕುಶಲಿಗನು ಚರಕಿಯ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಾಟದ ಕಾವಿಗೆ ಅರಗು ಕರಗಿ ಹರಡಿಕೊಳ್ಳುತ್ತದೆ. ಬಳಿಕ ಕೇದಗೆಯ ಜಾತಿಯ ಗರಿಯನ್ನು ಒತ್ತಿಹಿಡಿದು ಮೆರುಗು ತರುತ್ತಾನೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಪೂರ್ವದೇಶಗಳ ಈ ಸಾಮಾನುಗಳನ್ನು ಕಂಡು ಬೆರಗಾದ ಯೂರೋಪಿನವರಿಗೆ ಆ ಮರದ ಹಾಲು ದೊರೆಯಲಿಲ್ಲ. ಅವರು ಕಲ್ಲರಗಿನಂತಹ ಖನಿಜ ಡಾಂಬರನ್ನು ಅಗಸೆ ಎಣ್ಣೆ, ಟರ್ಪೆಂಟೈನುಗಳಲ್ಲಿ ಕರಗಿಸಿ, ತಗಡಿಗೆ ಹಚ್ಚಿ, ಒಲೆಯಲ್ಲಿ ಸುಟ್ಟು, ಅನುಕರಣವೊಂದನ್ನು ಮಾಡಿಕೊಂಡರು. ವೇಲ್ಸಿನ ಪಾಂಟಿಪೂಲ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಈ ಕೆಲಸಕ್ಕೆ ಹೆಸರಾದುವು. ಹೊಲಿಗೆಯ ಯಂತ್ರಕ್ಕೂ ಬೈಸಿಕಲ್ಲಿಗೂ ಆ ಗಾಢವಾದ ಕಪ್ಪು ಬಂದದ್ದು ಈ ಜಾಪಾನ್ ಬ್ಲ್ಯಾಕಿನಿಂದ.

ಮೊದಲ ಮೋಟಾರುಗಳಿಗೆ ಬಣ್ಣ ಹಾಕಿದವರು ಸಾರೋಟಿನ ಬಣ್ಣಗಾರರು. ಅವರ ಪದ್ಧತಿಯೇ ಬೇರೆ. ಮರದ ಮೈಗೆ ಸೀಸದ ಬಿಳುಪಿನ ತಳಲೇಪ, ಅದರ ಮೇಲೆ ಗಟ್ಟಿಯಾದ ಭರ್ತಿಲೇಪಗಳು, ಅವನ್ನು ನೊರೆಕಲ್ಲು ನೀರುಗಳಿಂದ ಉಜ್ಜಿ ಸಮ ಮಾಡುವುದು, ಬಳಿಕ ಬಣ್ಣ, ಕಟ್ಟಕಡೆಗೆ ರಾಳದ ವಾರ್ನಿಷು. ಒಟ್ಟು ಹದಿನೈದು ಇಪ್ಪತ್ತು ಲೇಪಗಳಾಗುವುದು ಸಾಮಾನ್ಯ. ಒಂದೊಂದೂ ಗಾಳಿಯಲ್ಲಿ ಒಣಗಬೇಕು. ಗಾಡಿ ಸಿದ್ಧವಾಗುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಇಂತಹ ವಾರ್ನಿಷನ್ನು ಮನೆಯಲ್ಲಿ ಯಾರೂ ಉಜ್ಜುತ್ತಿರಲಿಲ್ಲ. ಸಾರೋಟಿನ ಆಳಿಗೆ ಇದ್ದ ಕಟ್ಟಪ್ಪಣೆ ಇಷ್ಟು: ಕೆಸರನ್ನು ಒಣಗಗೊಡಬೇಡ; ತಣ್ಣೀರನ್ನು ಧಾರಾಳವಾಗಿ ಸುರಿ; ಮೆತ್ತನೆಯ ಸ್ಪಂಜಿನಿಂದ ತೊಳೆದು ಷಾಮಿ ಲೆದರಿನಿಂದ ತೇವವನ್ನು ತೆಗೆ; ಬಿಸಿಲಿನಲ್ಲಿ ತೊಳೆಯಬೇಡ; ಲಾಯದ ಪಕ್ಕದಲ್ಲಿ ನಿಲ್ಲಿಸಬೇಡ. ಈ ಕಡೆಯ ಮಾತು ವಿಚಿತ್ರವೆನಿಸಬಹುದು. ಕುದುರೆಯ ಗಂಜಳದಿಂದೇಳುವ ಅಮೋನಿಯ ವಾರ್ನಿಷನ್ನು ಕೆಡಿಸುತ್ತಿತ್ತಾದ್ದರಿಂದ ಗಾಡಿಮನೆಯನ್ನು ಲಾಯದಿಂದ ಬೇರೆಯಾಗಿ ಕಟ್ಟುತ್ತಿದ್ದರು. ಮೆರುಗು ಮಂಕಾದರೆ ಗಾಡಿಯನ್ನು ಕಾರ್ಖಾನೆಗೆ ಕಳುಹಿಸಿ ಹೊಸ ವಾರ್ನಿಷು ಹಾಕಿಸುತ್ತಿದ್ದರೇ ಹೊರತು ಇದ್ದುದನ್ನು ಸವೆಸುತ್ತಿರಲಿಲ್ಲ.

ಕಪ್ಪು ಬಣ್ಣವನ್ನು ಲಕ್ಷಾಂತರ ಮನೆಗಳ ಮುಂದೆ ತಂದು ನಿಲ್ಲಿಸಿದವನು ಹೆನ್ರಿ ಫೋರ್ಡ್. ಅವನ ಟಿ ಮಾದರಿಯ ಗಾಡಿ ೧೯೦೮ರಲ್ಲಿ ಹೊರಬಂದಾಗ ಬೂದು, ಹಸಿರು, ಕೆಂಪುಗಳಲ್ಲಿ ದೊರೆಯುತ್ತಿತ್ತು. ಕಪ್ಪೇ ಗತಿಯಾದದ್ದು ೧೯೧೪ರಿಂದ ೧೯೨೫ರವರೆಗೆ. ಬಣ್ಣದ ಆಯ್ಕೆಯ ವಿಚಾರವಾಗಿ ಅವನು ಆಡಿದನೆನ್ನುವ ಪರಿಹಾಸದ ಮಾತು ಲೋಕಪ್ರಸಿದ್ಧ. ಕಪ್ಪು ಬೇಗ ಒಣಗುವುದರಿಂದ ಅವನು ಅದನ್ನು ಹಿಡಿದನೆಂದು ಪುಸ್ತಕದಿಂದ ಪುಸ್ತಕಕ್ಕೆ ಹೇಳಿಕೊಂಡು ಬಂದಿದ್ದಾರೆ. ಇದನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಆ ಕಾರ್ಖಾನೆಯಲ್ಲಿ ಬಳಸುತ್ತಿದ್ದದ್ದು ಒಂದು ಕಪ್ಪಲ್ಲ, ಹಲವು ಬಗೆಯ ಕಪ್ಪುಗಳು. ಭಾಗಕ್ಕೆ ತಕ್ಕಂತೆ ಬಗೆ, ಬಗೆಗೆ ತಕ್ಕಂತೆ ಒಣಗುವ ಹೊತ್ತು. ಚಕ್ರದ ಮೇಲಣ ರೆಕ್ಕೆಗಳಿಗೂ ಬಾನೆಟ್ಟಿಗೂ ಹಾಕುತ್ತಿದ್ದದ್ದು ಗಿಲ್ಸನೈಟ್ ಎಂಬ ಖನಿಜ ಡಾಂಬರಿನ ಲೇಪ. ಅದನ್ನು ಒಲೆಯಲ್ಲಿ ಸುಡುತ್ತಿದ್ದರು. ಅದು ಅಗ್ಗ, ನೀರಿಗೆ ಬಗ್ಗದು, ಬಲು ಗಟ್ಟಿ. ಆದರೆ ಡಾಂಬರು ಹುಟ್ಟಿನಿಂದಲೇ ಕಪ್ಪು, ಅದಕ್ಕೆ ಇನ್ನೊಂದು ಬಣ್ಣ ಕೊಡಲಾಗದು. ೧೯೧೩ರಲ್ಲಿ ಹೈಲೆಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಬಂದು, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಕೆಲವು ತಿಂಗಳಲ್ಲಿ ಒಂದೂವರೆ ಗಂಟೆಗೆ ಇಳಿದಿತ್ತು. ಅಂತಹ ಕಡೆ ಅಗ್ಗವೂ ಗಟ್ಟಿಯೂ ಆದ ಒಂದೇ ಬಣ್ಣಕ್ಕಿಂತ ಹೆಚ್ಚಿನದನ್ನು ಯಾರು ಕೇಳುತ್ತಾರೆ? ಆ ಗಾಡಿಯನ್ನು ಕೊಂಡ ರೈತನೂ ಮೆರುಗಿಗೋಸ್ಕರ ತಲೆಕೆಡಿಸಿಕೊಂಡವನಲ್ಲ.

ಉಜ್ಜುವ ಯುಗ ಪ್ರಾರಂಭವಾದದ್ದು ಇದಾದಮೇಲೆ, ಮದ್ದಿನ ಕಾರ್ಖಾನೆಯಿಂದ. ಹೊಗೆಯಿಲ್ಲದ ತುಪಾಕಿಯ ಮದ್ದಿಗೆ ಮೂಲವಾದ ನೈಟ್ರೋಸೆಲ್ಯುಲೋಸನ್ನು ಮೊದಲನೆಯ ಮಹಾಯುದ್ಧದಲ್ಲಿ ರಾಶಿರಾಶಿಯಾಗಿ ಮಾಡಿದ್ದ ಅಮೆರಿಕದ ಡ್ಯೂಪಾಂಟ್ ಸಂಸ್ಥೆ, ಯುದ್ಧ ಮುಗಿದ ಬಳಿಕ ಅದನ್ನೇ ತೆಳುವಾದ ದ್ರಾವಣ ಮಾಡಿ ಬಣ್ಣಕ್ಕೆ ಬಳಸುವ ದಾರಿಯನ್ನು ಕಂಡುಕೊಂಡಿತು. ಜನರಲ್ ಮೋಟಾರ್ಸಿನೊಡನೆ ಸೇರಿ ಹೊರತಂದ ಆ ಬಣ್ಣವೇ ಡ್ಯೂಕೊ. ೧೯೨೩ರಲ್ಲಿ ಓಕ್‌ಲೆಂಡ್ ಗಾಡಿಗಳ ಮೇಲೆ ಅದು ನೀಲಿಯಾಗಿ ಕಾಣಿಸಿಕೊಂಡಿತು. ವಾರಗಟ್ಟಲೆಯ ಕೆಲಸ ದಿನಗಳಿಗೆ ಇಳಿಯಿತು. ಬಣ್ಣಬಣ್ಣದ ಗಾಡಿಗಳು ಬೀದಿಗೆ ಬಂದುವು. ಫೋರ್ಡನೂ ಮಣಿದು ೧೯೨೬ರ ಮಾದರಿಗಳಿಗೆ ಬೇರೆ ಬಣ್ಣ ಕೊಟ್ಟನು. ಆದರೆ ಡ್ಯೂಕೊ ಒಣಗಿದಮೇಲೆ ಮಂಕಾಗಿಯೂ ತುಸು ಒರಟಾಗಿಯೂ ಇರುತ್ತಿತ್ತು. ಉಜ್ಜಿದರೇ ಹೊಳಪು. ವರ್ಷಾಂತರದ ಬಿಸಿಲಿಗೆ ಅದರ ಮೇಲ್ಪೊರೆ ಸೀಮೆಸುಣ್ಣದಂತೆ ಬಿಳಿಚಿಕೊಂಡಾಗಲೂ ಉಜ್ಜಿ ಆ ಪೊರೆಯನ್ನು ತೆಗೆದರೆ ಕೆಳಗೆ ಹೊಸ ಕಪ್ಪು. ಲೇಪ ದಪ್ಪವಾಗಿತ್ತು, ಆಳದವರೆಗೂ ಒಂದೇ ಬಣ್ಣವಾಗಿತ್ತು. ಆದ್ದರಿಂದ ಉಜ್ಜುವುದು ಆ ಕಾಲಕ್ಕೆ ನ್ಯಾಯವಾದ ಕೆಲಸವೇ. ಅದರ ವೆಚ್ಚವೂ ಕಣ್ಣಿಗೆ ಕಾಣುತ್ತಿತ್ತು. ಉಜ್ಜಿದ ಬಟ್ಟೆಗೆ ಕರಿ ಹತ್ತುತ್ತಿತ್ತು. ಎಷ್ಟು ಕರಿ ಹತ್ತಿತೋ ಅಷ್ಟು ಬಣ್ಣ ಹೋಯಿತೆಂದು ಡ್ರೈವರನಿಗೂ ಯಜಮಾನನಿಗೂ ತಿಳಿಯುತ್ತಿತ್ತು.

ಕಾವಲಿನ ಕೆಲಸ ಮೇಣದ್ದು. ಮೇಣಗಳಲ್ಲಿ ಶ್ರೇಷ್ಠವಾದದ್ದು ಕಾರ್ನೌಬ. ಬ್ರೆಜಿಲ್ ದೇಶದ ಈಶಾನ್ಯಭಾಗದ ಒಂದು ತಾಳೆಯ ಮರ, ಅಲ್ಲಿಯ ಬೇಸಗೆಯಲ್ಲಿ ತನ್ನ ಎಲೆಯ ತೇವವನ್ನು ಉಳಿಸಿಕೊಳ್ಳುವುದಕ್ಕೆ ಈ ಮೇಣವನ್ನು ಪುಡಿಯಾಗಿ ಹೊದೆದುಕೊಳ್ಳುತ್ತದೆ. ಎಲೆಗಳನ್ನು ಒಣಗಿಸಿ ಬಡಿದು ಅದನ್ನು ಉದುರಿಸುತ್ತಾರೆ. ಜೇನುಮೇಣ ಸುಮಾರು ೬೩ ಡಿಗ್ರಿ ಸೆಂಟಿಗ್ರೇಡಿಗೆ ಕರಗಿದರೆ ಇದು ೮೦ ಡಿಗ್ರಿ ದಾಟಿದಮೇಲೆ ಕರಗುತ್ತದೆ. ಬಿಸಿಲಿನಲ್ಲಿ ಕೈಯಿಡಲಾರದಷ್ಟು ಕಾಯುವ ಕರಿಯ ತಗಡಿಗೆ ಇದು ಒಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಷಿಕಾಗೋ ನಗರದ ಸೈಮನೈಜ಼್ ಎಂಬ ಸರಕಿನವರು ಸವೆಸುವ ಕ್ಲೀನರನ್ನು ಒಂದು ಡಬ್ಬಿಯಲ್ಲಿಯೂ ಮೇಣವನ್ನು ಇನ್ನೊಂದರಲ್ಲಿಯೂ ಮಾರಿದರು. ಅದು ಎಷ್ಟು ಹಬ್ಬಿತೆಂದರೆ ಅವರ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯಿತು. ಎರಡು ಡಬ್ಬಿಗಳಿದ್ದಷ್ಟು ದಿನ ಎರಡು ಕೆಲಸಗಳೆಂಬ ವಿವೇಕವೂ ಇತ್ತು. ಮುಂದೆ ಕೈಕೆಲಸವನ್ನು ಉಳಿಸುವ ನೆಪದಿಂದ ಸವೆಸುವ ಪುಡಿಯನ್ನೂ ಮೇಣವನ್ನೂ ಒಂದೇ ಸೀಸೆಯಲ್ಲಿ ಬೆರೆಸಿ ಮಾರುವುದು ಹೆಚ್ಚಿತು. ನಾವು ಮೊದಲಿಗೆ ಹೇಳಿದ ಬೆರಕೆ ಬಲವಾದದ್ದು ಇಲ್ಲಿ. ಕಾಪಾಡುತ್ತೇನೆಂದು ತಿಂಗಳಿಗೊಮ್ಮೆ ಹಚ್ಚುವವನು ತಿಂಗಳಿಗೊಮ್ಮೆ ಸವೆಸುತ್ತಿರುತ್ತಾನೆ.

೧೯೮೦ರ ದಶಕದ ವೇಳೆಗೆ ಲೇಪದ ಕಟ್ಟಡವೇ ಬದಲಾಗುತ್ತ ಬಂದಿತು. ಈಗಿನ ಗಾಡಿಯಲ್ಲಿ ಕಪ್ಪು ಒಂದು ತೆಳುವಾದ ಪದರ. ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ನಾವು ಮುಟ್ಟುವುದು, ಹೊಳಪೆಂದು ಮೆಚ್ಚುವುದು, ಗೀರು ಬಿತ್ತೆಂದು ಕೊರಗುವುದು, ಎಲ್ಲವೂ ಈ ಮೇಲಿನದನ್ನೇ. ಇದರ ದಪ್ಪ ಸಾಮಾನ್ಯವಾಗಿ ೪೦ರಿಂದ ೫೦ ಮೈಕ್ರಾನ್. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯನ ತಲೆಗೂದಲು ಸುಮಾರು ೭೦ ಮೈಕ್ರಾನ್ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯವಿರುವುದೂ ಈ ಪದರದಲ್ಲಿಯೇ. ಯಂತ್ರದಿಂದ ಬಿರುಸಾಗಿ ಒಮ್ಮೆ ಉಜ್ಜಿದರೆ ಕೆಲವು ಮೈಕ್ರಾನುಗಳು ಹೋಗುತ್ತವೆ. ಅಂಚುಗಳಲ್ಲಿ, ಮೂಲೆಗಳಲ್ಲಿ ಇನ್ನೂ ಹೆಚ್ಚು. ಆದರೆ ಡ್ಯೂಕೊವಿನ ಕಾಲದಂತೆ ಬಟ್ಟೆಗೆ ಕರಿ ಹತ್ತುವುದಿಲ್ಲ. ಹೋಗುವುದು ಬಣ್ಣವಿಲ್ಲದ ಪದರವಾದ್ದರಿಂದ ನಷ್ಟ ಕಣ್ಣಿಗೆ ಕಾಣದು. ಗಾಡಿ ಪ್ರತಿಸಲವೂ ಮೊದಲಿಗಿಂತ ಚೆನ್ನಾಗಿಯೇ ಹೊಳೆಯುತ್ತದೆ. ಲೆಕ್ಕ ತಿಳಿಯುವುದು ಮೇಲ್ಛಾವಣಿಯ ಮೇಲೆ, ಬಾನೆಟ್ಟಿನ ಮೇಲೆ ಹಾಲಿನಂತಹ ಮಚ್ಚೆಗಳೆದ್ದು ಪದರ ಸುಲಿಯತೊಡಗಿದ ದಿವಸ. ಅದಕ್ಕೆ ಯಾವ ಪಾಲಿಷೂ ಮದ್ದಲ್ಲ. ಹೊಸ ಬಣ್ಣವೇ ಗತಿ.

ಹಾಗಾದರೆ ಉಜ್ಜಲೇಬಾರದೆ? ಉಜ್ಜಬಹುದು, ಅಪರೂಪವಾಗಿ, ದಪ್ಪವನ್ನು ಅಳೆಯುವ ಉಪಕರಣವನ್ನು ಇಟ್ಟು ನೋಡಿ. ಅದಕ್ಕಿಂತ ಮುಖ್ಯವಾದದ್ದು ಗೀರು ಬೀಳುವುದು ಯಾವಾಗ ಎಂದು ತಿಳಿಯುವುದು. ಬೆಂಗಳೂರಿನ ಯಾವ ಬಡಾವಣೆಯಲ್ಲಿಯಾದರೂ ಮುಂಜಾನೆ ನೋಡಿ: ಒಬ್ಬ ಹುಡುಗ, ಒಂದು ಬಕೀಟು ನೀರು, ಒಂದು ಬಟ್ಟೆ, ಸಾಲಾಗಿ ನಿಂತ ಹತ್ತು ಗಾಡಿಗಳು. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿ ಯಾವ ವಾರ್ನಿಷಿಗಿಂತಲೂ ಗಡುಸು. ಮೂರನೆಯ ಗಾಡಿಯ ಹೊತ್ತಿಗೆ ಆ ಬಟ್ಟೆ ಮರಳು ಕಾಗದವಾಗಿರುತ್ತದೆ. ಹುಡುಗನನ್ನು ಬೈದು ಪ್ರಯೋಜನವಿಲ್ಲ. ಒಂದು ಬಕೀಟು ನೀರಿನಲ್ಲಿ ದಿನವೂ ಧೂಳಿಲ್ಲದ ಗಾಡಿ ಬೇಕೆಂದು ಕೇಳಿದವರು ನಾವು. ದಿನವೂ ಒಣಬಟ್ಟೆಯಿಂದ ಒರೆಸಿಸುವುದಕ್ಕಿಂತ ಧೂಳನ್ನು ಇರಗೊಟ್ಟು, ವಾರಕ್ಕೊಮ್ಮೆ ನೆರಳಿನಲ್ಲಿ ನೀರು ಹರಿಸಿ ಮಣ್ಣನ್ನು ಕಳೆದು, ಸೋಪಿನ ನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು, ಹೀಗೆ ಎರಡು ಬಕೀಟುಗಳನ್ನಿಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆಸುವುದು ಲೇಸು. ಸಾರೋಟಿನ ಆಳಿಗೆ ಇದು ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಹನಿಗಳು ಮೈಮೇಲೆ ಒಣಗುವ ಮೊದಲು ಮೆತ್ತನೆಯ ಬಟ್ಟೆಯಿಂದ ತೆಗೆಯಬೇಕು. ಒಣಗಿದ ಸುಣ್ಣದ ಉಂಗುರಗಳು ಕಪ್ಪಿನ ಮೇಲೆ ಅಳಿಸಲಾರದ ಮುದ್ರೆಯಾಗುತ್ತವೆ. ಕಾಗೆ ಪಾರಿವಾಳಗಳ ಹಿಕ್ಕೆಯನ್ನಂತೂ ಬಿಸಿಲೇರುವುದರೊಳಗಾಗಿ ನೆನೆಸಿ ತೆಗೆಯತಕ್ಕದ್ದು. ಅದರ ಆಮ್ಲ ಕಾದ ಪದರವನ್ನು ಕೊರೆಯುತ್ತದೆ.

ಮೇಣವನ್ನು ಕೆಲವು ತಿಂಗಳಿಗೊಮ್ಮೆ ಹಚ್ಚಬಹುದು. ಕೊಳ್ಳುವಾಗ ಅದರಲ್ಲಿ ಸವೆಸುವ ಪುಡಿ ಬೆರೆತಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಸಿರಾಮಿಕ್ ಎಂದು ಕರೆಯುವ ಈಚಿನ ಲೇಪಗಳು ಮೇಣಕ್ಕಿಂತ ಬಹುಕಾಲ ನಿಲ್ಲುತ್ತವೆ, ನೀರನ್ನು ಚೆನ್ನಾಗಿ ಜಾರಿಸುತ್ತವೆ; ಆದರೆ ಬಲು ತೆಳು, ಕಲ್ಲೇಟನ್ನು ತಡೆಯಲಾರವು. ಕಲ್ಲೇಟಿಗೆ ಇರುವುದು ಪಾರದರ್ಶಕವಾದ ಪಾಲಿಯುರಿಥೇನ್ ಹಾಳೆ. ವಿಯೆಟ್ನಾಂ ಯುದ್ಧಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳ ಅಂಚನ್ನು ಮರಳಿನ ಹೊಡೆತದಿಂದ ಕಾಪಾಡುವುದಕ್ಕೆ ಬಳಸಿದ್ದ ಹಾಳೆಯ ಸಂತತಿ ಇದು. ಇದರ ದಪ್ಪ ೧೫೦ರಿಂದ ೨೦೦ ಮೈಕ್ರಾನ್. ಕಾಪಾಡಬೇಕಾದ ಪದರಕ್ಕಿಂತ ಮೂರು ನಾಲ್ಕು ಪಾಲು ಹೆಚ್ಚು. ಬೆಲೆಯೂ ಹಾಗೆಯೇ ಇದೆ. ಎಲ್ಲ ಕಡೆಗೂ ಹಾಕಿಸುವ ಶಕ್ತಿಯಿಲ್ಲದವರು ಬಾನೆಟ್ಟಿನ ಮುಂಭಾಗಕ್ಕೂ ಬಾಗಿಲಿನ ಹಿಡಿಯ ಕೆಳಗಣ ಗುಳಿಗೂ ಮಾತ್ರ ಹಾಕಿಸಿಕೊಂಡರೆ ಸಾಕಾಗುತ್ತದೆ. ಉಂಗುರದ ಬೆರಳುಗಳು ಅತಿ ಹೆಚ್ಚು ಗೀರುವುದು ಆ ಗುಳಿಯನ್ನೇ.