ಗುಹೆಗೆ ಇಳಿದವರು, ಗದ್ದೆ ಬಿಟ್ಟುಕೊಟ್ಟವರು

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚ್ ಸಿಕ್ಕಿಹಾಕಿಕೊಂಡ ಕತೆ ನಿಮಗೆಲ್ಲ ಗೊತ್ತೇ ಇದೆ. ಜುಲೈ 2ರಂದು ಇಬ್ಬರು ಬ್ರಿಟಿಷ್ ಡೈವರ್‌ಗಳು ಅವರನ್ನು ಪತ್ತೆ ಮಾಡಿದರು. ಜುಲೈ 10ರ ಹೊತ್ತಿಗೆ ಹದಿಮೂರೂ ಜನ ಹೊರಗಿದ್ದರು. ಆಮೇಲೆ ಶುರುವಾಗಿದ್ದು ಇನ್ನೊಂದು ಜಗ್ಗಾಟ: ಈ ಕತೆ ಯಾರದ್ದು?

ಇದನ್ನು ಬಿಳಿಯರ ಸಾಹಸವಾಗಿಸಲು ಬಿಡಲ್ಲ ಅಂತ 'ಕ್ರೇಜಿ ರಿಚ್ ಏಷಿಯನ್ಸ್' ನಿರ್ದೇಶಕ ಜಾನ್ ಚು ಆಗಲೇ ಟ್ವೀಟ್ ಮಾಡಿದ್ದರು. ಭಯಕ್ಕೆ ಕಾರಣವಿತ್ತು. ಇದೇ ಥಾಯ್ಲೆಂಡಿನ 2004ರ ಸುನಾಮಿಯ ಬಗ್ಗೆ ಬಂದ 'ದಿ ಇಂಪಾಸಿಬಲ್' (2012) ಚಿತ್ರದಲ್ಲಿ ನಿಜವಾದ ಸ್ಪ್ಯಾನಿಷ್ ಕುಟುಂಬ ಬ್ರಿಟಿಷ್ ಕುಟುಂಬವಾಯ್ತು. ಥಾಯ್ ಜನ ಹಿನ್ನೆಲೆಗೆ ಸರಿದರು.

ಗುಹೆಯ ವಿಷಯದಲ್ಲಿ ಕತ್ತರಿ ಹಾಕಿದ್ದು ಬರೀ ಪೂರ್ವಗ್ರಹ ಅಲ್ಲ, ಲೈಸೆನ್ಸು ಕೂಡ. ಹುಡುಗರ ಕತೆಯ ಹಕ್ಕು ನೆಟ್‌ಫ್ಲಿಕ್ಸ್ ಕಡೆ ಹೋಯ್ತು, ಡೈವರ್‌ಗಳದ್ದು ನ್ಯಾಷನಲ್ ಜಿಯಾಗ್ರಫಿಕ್ ಕಡೆ. ಹಾಗಾಗಿ 'ದಿ ರೆಸ್ಕ್ಯೂ' (2021) ಸಾಕ್ಷ್ಯಚಿತ್ರ ಹೆಚ್ಚಾಗಿ ಡೈವರ್‌ಗಳದ್ದೇ ಆಯ್ತು. ನಾವು ಕೋಡ್ ಬರೆಯೋರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಯಾವ ಡೇಟಾ ಕೈಗೆ ಸಿಕ್ಕಿತೋ, ಅದರದ್ದೇ ಉತ್ತರ ಬರುತ್ತೆ.

ರಾನ್ ಹೋವರ್ಡ್ ಅವರ 'ಥರ್ಟೀನ್ ಲೈವ್ಸ್' (2022) ಸ್ವಲ್ಪ ಬೇರೆ ದಾರಿ ಹಿಡಿಯಿತು. ಕ್ಯಾಮೆರಾ ಥಾಯ್ ಛಾಯಾಗ್ರಾಹಕ ಸಯೋಂಭು ಅವರದ್ದು. ಹುಡುಗರು ಮಾತಾಡೋದು ಬ್ಯಾಂಕಾಕ್ ಭಾಷೆಯಲ್ಲ, ಉತ್ತರದ ಆಡುಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾ ಗುಹೆ ಬಿಟ್ಟು ಬೆಟ್ಟ ಹತ್ತುತ್ತೆ.

ನನ್ನ ಮಟ್ಟಿಗೆ ಅಸಲಿ ಇತಿಹಾಸ ಇರೋದು ಆ ಬೆಟ್ಟದಲ್ಲಿ. ಮಳೆ ನೀರು ಗುಹೆಗೆ ಇಳಿಯದ ಹಾಗೆ ಥಾನೆಟ್ ನತಿಸ್ರಿ ಎಂಬ ಅಂತರ್ಜಲ ತಜ್ಞ ಮತ್ತು ನೂರಾರು ಸ್ವಯಂಸೇವಕರು ಹಳ್ಳಗಳನ್ನು ತಿರುಗಿಸಿದರು. ಪಂಪುಗಳು ಹೊರಗೆ ಹಾಕಿದ ನೀರು ಕೆಳಗಿನ ಭತ್ತದ ಗದ್ದೆಗಳಿಗೆ ನುಗ್ಗಿತು. ಪೈರು ಹೋಯ್ತು. ಮಕ್ಕಳ ಜೀವ ದೊಡ್ಡದು ಅಂದ ಕೆಲವು ರೈತರು ಪರಿಹಾರವನ್ನೂ ಬೇಡವೆಂದರು. ನಾಟಿ ಮಾಡಿದ ಗದ್ದೆ ಕೊಚ್ಚಿಹೋಗೋದನ್ನು ಊರಲ್ಲಿ ನೋಡಿ ಬೆಳೆದವನಿಗೆ ಆ ಮಾತಿನ ತೂಕ ಗೊತ್ತು. ನೀರೆತ್ತೋ ಕೆಲಸಕ್ಕೆ ಕಿರ್ಲೋಸ್ಕರ್ ಕಂಪನಿಯ ತಜ್ಞರೂ ಹೋಗಿದ್ದರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುವಾಗಿ, ನಮ್ಮ ಬಾವಿಗಳಿಗೆ ಪಂಪ್ ಇಳಿಸಿದ ಅದೇ ಕಿರ್ಲೋಸ್ಕರ್.

ಇನ್ನೊಂದು ಸಂಗತಿ. ಕತ್ತಲಲ್ಲಿ ಡೈವರ್‌ಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ 14ರ ಹುಡುಗ ಅದುಲ್ ಸಾಮ್-ಓನ್, ಮ್ಯಾನ್ಮಾರಿನ ವಾ ಪ್ರದೇಶದಲ್ಲಿ ಹುಟ್ಟಿದವನು. ಯಾವ ದೇಶದ ಪೌರತ್ವವೂ ಇರಲಿಲ್ಲ. ಕೋಚ್ ಮತ್ತು ಇನ್ನಿಬ್ಬರು ಹುಡುಗರದ್ದೂ ಅದೇ ಪಾಡು. ಜಗತ್ತೆಲ್ಲ 'ಥಾಯ್ ಹುಡುಗರು' ಅಂತ ಪ್ರಾರ್ಥಿಸಿದ ಈ ನಾಲ್ವರಿಗೆ ಥಾಯ್ ಪೌರತ್ವ ಸಿಕ್ಕಿದ್ದು 2018ರ ಆಗಸ್ಟ್ 8ರಂದು, ಗುಹೆಯಿಂದ ಬಂದ ಸುಮಾರು ನಾಲ್ಕು ವಾರದ ಮೇಲೆ.

ಡೈವರ್‌ಗಳ ಧೈರ್ಯ ಸಣ್ಣದಲ್ಲ. ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನನ್ ಆ ನೀರಲ್ಲೇ ಪ್ರಾಣ ಬಿಟ್ಟರು. ಆದರೆ ರಕ್ಷಣೆಯ ಸಿನಿಮಾದಲ್ಲಿ ವೈವಿಧ್ಯ ಅಂದರೆ ಪೋಸ್ಟರಿನಲ್ಲಿ ನಾಲ್ಕು ಬಣ್ಣದ ಮುಖ ಇಡೋದಲ್ಲ. ಯಾರು ಏನು ಕಳೆದುಕೊಂಡರು ಅನ್ನೋ ಲೆಕ್ಕವನ್ನು ಸರಿಯಾಗಿ ಬರೆಯೋದು. ಆ ಲೆಕ್ಕದಲ್ಲಿ ಗದ್ದೆಗೂ ಒಂದು ಸಾಲು ಇರಲಿ.