ಕೂಲಿಯವನ ಹೊಟ್ಟೆಯ ಕಿಟಕಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ಆ ಹೊಟ್ಟೆಯೊಳಗೆ ಅನ್ನ ಹೇಗೆ ಕರಗುತ್ತದೆ ಅಂತ ಜಗತ್ತಿಗೆ ಕಣ್ಣಾರೆ ಗೊತ್ತಾಗಿದ್ದೂ ಹೊಟ್ಟೆಪಾಡಿಗೆ ಊರು ಬಿಟ್ಟಿದ್ದ ಒಬ್ಬ ಕೂಲಿಯವನಿಂದಲೇ. ಅವನ ಕತೆ ನಮ್ಮಂಥವರಿಗೆ ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮುಂಡಭಾಗದಲ್ಲಿ ಎರಡು ದೊಡ್ಡ ಕುಹರಗಳಿವೆ. ಮೇಲಿನದು ಎದೆಯ ಕುಹರ. ಪಕ್ಕೆಲುಬಿನ ಗೂಡಿನೊಳಗೆ ಹೃದಯ, ಶ್ವಾಸಕೋಶ. ಕೆಳಗಿನದು ಉದರ, ಅಲ್ಲಿ ಜಠರ, ಯಕೃತ್ತು, ಗುಲ್ಮ, ಕರುಳು. ಎರಡು ಮಹಡಿಗಳ ನಡುವಿನ ಸ್ಲ್ಯಾಬಿನಂತೆ ಮಧ್ಯೆ ವಪೆ ಎಂಬ ಸ್ನಾಯುವಿನ ಪರದೆ. ಹೆಣ ಕೊಯ್ದು ಅಂಗಗಳ ಜಾಗ ಗುರುತಿಸಬಹುದಿತ್ತು. ಆದರೆ ಬದುಕಿದ್ದವನೊಳಗೆ ಅವು ಕೆಲಸ ಮಾಡುವುದನ್ನು ನೋಡುವುದು ಹೇಗೆ? ಹಾಗಾಗಿ ಜಠರ ಅನ್ನವನ್ನು ಅರೆಯುತ್ತದೋ, ಕೊಳೆಸುತ್ತದೋ, ಹುಳಿ ಬರಿಸುತ್ತದೋ ಎಂಬ ವಾದ ಬಹಳ ಕಾಲ ನಡೆದಿತ್ತು.

1822ರ ಜೂನ್ 6. ಅಮೆರಿಕದ ಹ್ಯೂರಾನ್ ಸರೋವರದ ಮ್ಯಾಕಿನಾ ದ್ವೀಪ. ಪ್ರಾಣಿಗಳ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಅಮೆರಿಕನ್ ಫರ್ ಕಂಪನಿಯ ಮಳಿಗೆಯಲ್ಲಿ ಅಕಸ್ಮಾತ್ತಾಗಿ ಕೋವಿಯೊಂದು ಹಾರಿತು. ಗುಂಡು ತಗುಲಿದ್ದು ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ಗೆ. ಫ್ರೆಂಚ್ ಮಾತಾಡುವ ಕೆನಡಾದವನು, ಕಂಪನಿಯ ದೋಣಿ ನಡೆಸುವ ಆಳು. ಮೂರಡಿಯೊಳಗಿನಿಂದ ಹಾರಿದ ಗುಂಡು ಎಡ ಎದೆಯ ಕೆಳಗೆ ಅಂಗೈಯಗಲ ತೂತು ಮಾಡಿತ್ತು. ಪಕ್ಕೆಲುಬು ಮುರಿದು, ವಪೆ ಹರಿದು, ಎರಡೂ ಕುಹರ ಒಂದೇ ಗಾಯದಲ್ಲಿ ಬಾಯಿ ತೆರೆದಿದ್ದವು. ಶ್ವಾಸಕೋಶದ ಒಂದು ಭಾಗ, ಅದರ ಕೆಳಗೆ ಜಠರದ ಒಂದು ಭಾಗ ಹೊರಗೆ ಬಂದಿತ್ತು. ಬೆಳಿಗ್ಗೆ ತಿಂದ ತಿಂಡಿ ಗಾಯದಿಂದ ಸುರಿಯುತ್ತಿತ್ತು.

ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್‌ಗೂ ಇವನು ಉಳಿಯುತ್ತಾನೆಂಬ ನಂಬಿಕೆ ಇರಲಿಲ್ಲ. ಆದರೂ ಉಳಿಸಿದ. ಜಠರದ ತೂತು ಮಾತ್ರ ಮುಚ್ಚಲಿಲ್ಲ. ಅದರ ಅಂಚು ಹೊರಗಿನ ಗಾಯದ ಅಂಚಿಗೇ ಕೂಡಿಕೊಂಡಿತು. ಒಳಗಿನ ಮಡಿಕೆಯೊಂದು ಮುಚ್ಚಳದಂತೆ ಬೆಳೆಯಿತು. ಬೆರಳಿನಿಂದ ತಳ್ಳಿದರೆ ಒಳಗೆ ಕಾಣುತ್ತಿತ್ತು. ಇನ್ನು ಇವನನ್ನು ಸಾಕಲಾಗದು, ಊರಿಗೆ ಕಳಿಸಿಬಿಡೋಣ ಎಂದು ಅಲ್ಲಿನ ಆಡಳಿತ ಕೈಚೆಲ್ಲಿದಾಗ ಬೋಮಾಂಟ್ ಅವನನ್ನು ತನ್ನ ಮನೆಗೇ ಕರೆದೊಯ್ದ. ಚೇತರಿಸಿಕೊಂಡ ಅಲೆಕ್ಸಿಸ್ ಅಲ್ಲಿ ಕಟ್ಟಿಗೆ ಒಡೆದ, ಮನೆಗೆಲಸ ಮಾಡಿದ.

1825ರ ಆಗಸ್ಟ್ 1ರಂದು ಪ್ರಯೋಗ ಶುರುವಾಯಿತು. ಮಾಂಸ, ಬ್ರೆಡ್, ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ತೂತಿನೊಳಗೆ ಇಳಿಸುವುದು, ಗಂಟೆಗೊಮ್ಮೆ ಎಳೆದು ನೋಡುವುದು. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಮೈಬಿಸಿಯಷ್ಟೇ ಬೆಚ್ಚಗಿಟ್ಟರೆ ಅಲ್ಲಿಯೂ ಮಾಂಸ ಕರಗಿತು. ಅಂದರೆ ಅನ್ನ ಕರಗಿಸುವುದು ಆ ರಸ. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆಯೆಂಬುದೂ ಖಚಿತವಾಯಿತು. ಸಿಟ್ಟು ಬಂದರೆ ಜೀರ್ಣಕ್ರಿಯೆ ಕೆಡುತ್ತದೆ ಎಂಬುದನ್ನೂ ಬೋಮಾಂಟ್ ಕಂಡ. 238 ಪ್ರಯೋಗಗಳ ಅವನ ಪುಸ್ತಕ 1833ರಲ್ಲಿ ಬಂತು.

ನನ್ನನ್ನು ಕಾಡುವುದು ಪುಸ್ತಕವಲ್ಲ, 1832ರ ಕರಾರುಪತ್ರ. ವರ್ಷಕ್ಕೆ 150 ಡಾಲರ್, ಊಟ, ಬಟ್ಟೆ, ವಸತಿ. ಬದಲಿಗೆ ವೈದ್ಯ ಕರೆದಲ್ಲಿಗೆ ಹೋಗಬೇಕು, ಹೊಟ್ಟೆಯನ್ನು ಪ್ರಯೋಗಕ್ಕೆ ಒಡ್ಡಬೇಕು. ಓದುಬರಹ ಬಾರದ ಅಲೆಕ್ಸಿಸ್ ಅದಕ್ಕೆ ಬರೀ ಒಂದು ಗುರುತು ಹಾಕಿದ. ಬೋಮಾಂಟ್ ಕೆಟ್ಟವನಲ್ಲ, ಜೀವ ಉಳಿಸಿದವನು. ಆದರೆ ಅನ್ನ ಹಾಕುವವನೇ ಕರಾರು ಬರೆದಾಗ ಆಳಿಗೆ ಒಲ್ಲೆ ಎನ್ನುವ ದಾರಿ ಎಲ್ಲಿ? ಅವನಿಗಿದ್ದ ದಾರಿ ಒಂದೇ, ಎದ್ದು ಹೋಗುವುದು. 1825ರಲ್ಲೇ ಒಮ್ಮೆ ಹೇಳದೆ ಕೇಳದೆ ಕೆನಡಾಕ್ಕೆ ಹೋಗಿ ಮದುವೆಯಾಗಿದ್ದ. 1834ರಲ್ಲಿ ಹೋದವನು, ಬೋಮಾಂಟ್ ಎಷ್ಟು ಕರೆದರೂ ತಿರುಗಿ ಬರಲಿಲ್ಲ.

ಬೋಮಾಂಟ್ 1853ರಲ್ಲಿ ತೀರಿಕೊಂಡ. ಹೊಟ್ಟೆಯಲ್ಲಿ ತೂತಿದ್ದ ಅಲೆಕ್ಸಿಸ್ 1880ರವರೆಗೆ ಬದುಕಿದ! ಸತ್ತ ಮೇಲೂ ಆ ಜಠರದ ಮೇಲೆ ವೈದ್ಯರಿಗೆ ಕಣ್ಣಿತ್ತು. ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಅದನ್ನು ಮ್ಯೂಸಿಯಂಗೆ ಪಡೆಯಲು ಪ್ರಯತ್ನಿಸಿದರು. ಮನೆಯವರು ಒಪ್ಪಲಿಲ್ಲ. ಹೆಣ ಕೆಡುವವರೆಗೂ ಮನೆಯಲ್ಲೇ ಇಟ್ಟುಕೊಂಡು, ಯಾರೂ ಅಗೆದು ತೆಗೆಯದಂತೆ ಎಂಟಡಿ ಆಳದಲ್ಲಿ ಹೂತರು.

ಗಲ್ಫಿಗೆ ಬಂದ ನಾವೆಲ್ಲ ಮೆಡಿಕಲ್ ಮಾಡಿಸಿಕೊಂಡವರೇ. ಎದೆಯ ಎಕ್ಸ್-ರೇ, ರಕ್ತಪರೀಕ್ಷೆ, ಆಮೇಲೆ 'ಫಿಟ್' ಎಂಬ ಒಂದು ಪದ. ನಮ್ಮ ಒಳಗಿನ ಲೆಕ್ಕ ಮೊದಲು ಬೇರೆಯವರ ಕೈಗೆ ಹೋಗುತ್ತದೆ. ಆ ರಿಪೋರ್ಟಿನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಕರಾರು ತಿಳಿಯದ ಭಾಷೆಯಲ್ಲಿದ್ದರೆ ಸಹಿ ಹಾಕುವ ಮುಂಚೆ ಯಾರಿಂದಾದರೂ ಓದಿಸಿ; ನಮ್ಮ ಕನ್ನಡದವರಲ್ಲೇ ಓದಿ ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ.