ಗ್ಲಾಸ್ಟರಿನ ದೀಪದ ಕಂಬ

ಮಧ್ಯಯುಗದ ಯುರೋಪಿನಲ್ಲಿ ಇರುಳಿನ ಬೆಳಕು ಎಲ್ಲರಿಗೂ ಸಮನಾಗಿ ದೊರೆಯುವಂತಹದಾಗಿರಲಿಲ್ಲ. ದಕ್ಷಿಣದ ನಾಡುಗಳಲ್ಲಿ ಆಲಿವ್ ಎಣ್ಣೆಯ ಹಣತೆಗಳು ಬೆಳಗುತ್ತಿದ್ದವು. ಆಲಿವ್ ಬೆಳೆಯದ ಇಂಗ್ಲೆಂಡಿನಂತಹ ಶೀತಪ್ರದೇಶಗಳಲ್ಲಾದರೋ ಜೇನುಮೇಣ ಮತ್ತು ಪಶುಗಳ ಕೊಬ್ಬುಗಳೇ ಬೆಳಕಿಗೆ ಮುಖ್ಯ ಆಧಾರಗಳಾಗಿದ್ದವು.

ಜೇನುಮೇಣದ ಬತ್ತಿ ನಿರ್ಮಲವಾಗಿ, ಸುವಾಸನೆಯಿಂದ ಉರಿಯುತ್ತಿತ್ತು. ಆದರೆ ಅದರ ಬೆಲೆ ಅಧಿಕ. ಆದುದರಿಂದ ಅದು ಬಹುಮಟ್ಟಿಗೆ ಚರ್ಚಿನ ಬಲಿಪೀಠಕ್ಕೂ ಸಿರಿವಂತರ ಮನೆಗಳಿಗೂ ಮೀಸಲಾಗಿತ್ತು. ಸಾಮಾನ್ಯರ ಮನೆಗಳಲ್ಲಿ ಕುರಿ, ದನಗಳ ಕೊಬ್ಬಿನ ಬತ್ತಿ ಹೊಗೆಯನ್ನೂ ದುರ್ಗಂಧವನ್ನೂ ಬೀರುತ್ತ ಉರಿಯುತ್ತಿತ್ತು. ಅದೂ ದೊರಕದ ಬಡವರು ಜೊಂಡಿನ ಸಿಪ್ಪೆ ಸುಲಿದು, ಅದರ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ಹೊತ್ತಿಸುತ್ತಿದ್ದರು. ಲಂಡನ್ನಿನಲ್ಲಿ ಈ ಎರಡು ಬಗೆಯ ಬತ್ತಿಗಳನ್ನು ಮಾಡುವವರ ಸಂಘಗಳೂ ಬೇರೆ ಬೇರೆ. ಕೊಬ್ಬಿನ ಬತ್ತಿಯವರ ಸಂಘಕ್ಕೆ 1462ರಲ್ಲಿಯೂ ಮೇಣದ ಬತ್ತಿಯವರ ಸಂಘಕ್ಕೆ 1484ರಲ್ಲಿಯೂ ರಾಜಸನದು ದೊರೆಯಿತು.

ಮೇಣದ ಬತ್ತಿಗೆ ಸಂದ ಗೌರವಕ್ಕೆ ಗ್ಲಾಸ್ಟರಿನ ದೀಪದ ಕಂಬ ಉತ್ತಮ ನಿದರ್ಶನ. ಅಲ್ಲಿನ ಸಂತ ಪೀಟರನ ಮಠಕ್ಕೆ ಮಠಾಧಿಪತಿ ಪೀಟರನೂ ಅವನ ಶಿಷ್ಯವರ್ಗವೂ ಇದನ್ನು 12ನೆಯ ಶತಮಾನದ ಆರಂಭದಲ್ಲಿ ಅರ್ಪಿಸಿದರೆಂದು ಅದರ ಮೇಲಿನ ಲ್ಯಾಟಿನ್ ಬರಹದಿಂದ ತಿಳಿದುಬರುತ್ತದೆ. ಬೆಳ್ಳಿ ಬೆರೆತ ತಾಮ್ರದ ಮಿಶ್ರಲೋಹದಲ್ಲಿ ಇದನ್ನು ಎರಕ ಹೊಯ್ದು ಚಿನ್ನದ ಲೇಪ ಕೊಟ್ಟಿದ್ದಾರೆ. ಮೊದಲು ಮೇಣದಲ್ಲಿ ರೂಪ ತಿದ್ದಿ, ಅದನ್ನು ಕರಗಿಸಿ ಲೋಹ ಹೊಯ್ಯುವ ಈ ಕ್ರಮ ಭಾರತದ ಶಿಲ್ಪಿಗಳಿಗೆ ‘ಮಧೂಚ್ಛಿಷ್ಟ ವಿಧಾನ’ವೆಂದು ಪರಿಚಿತವಾದುದೇ. ಹೀಗೆ ಮೇಣವೇ ಕಂಬಕ್ಕೆ ರೂಪವಿತ್ತು, ಮೇಣವೇ ಅದರ ತುದಿಯ ಮುಳ್ಳಿನ ಮೇಲೆ ಬೆಳಕಾಯಿತು.

ಕಂಬದ ಉದ್ದಕ್ಕೂ ಬಳ್ಳಿಗಳ ನಡುವೆ ಮನುಷ್ಯರು ವಿಕಟ ಮೃಗಗಳೊಡನೆ ಹೆಣಗುತ್ತ ಮೇಲೇರುತ್ತಿದ್ದಾರೆ. ಮಧ್ಯದ ಗುಂಡಿನ ಮೇಲೆ ನಾಲ್ವರು ಸುವಾರ್ತಾಕಾರರ ಲಾಂಛನಗಳಿವೆ. ಧರ್ಮದ ಬೆಳಕು ಮನುಷ್ಯನನ್ನು ಪಾಪದ ಕತ್ತಲಿನಿಂದ ಕಾಯುತ್ತದೆಂಬುದು ಮೇಲಿನ ಬಟ್ಟಲಿನ ಸುತ್ತ ಇರುವ ಬರಹದ ತಾತ್ಪರ್ಯ. ಬತ್ತಿ ಉರಿದಾಗ ಆ ಮಾತೇ ಕಣ್ಣಿಗೆ ಗೋಚರವಾಗುತ್ತಿತ್ತು. ಮುಂದೆ ಈ ಕಂಬ ಫ್ರಾನ್ಸಿನ ಲ ಮಾನ್ಸ್ ಚರ್ಚನ್ನು ಸೇರಿತು. 1861ರಿಂದ ಲಂಡನ್ನಿನ ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಚಿನ್ನದ ಲೇಪದ ಕಂಬ ಒಂಬೈನೂರು ವರ್ಷ ಬಾಳಿತು. ಗುಡಿಸಲಿನ ಜೊಂಡಿನ ಬತ್ತಿಯಾದರೋ ಉರಿದ ಇರುಳೇ ಬೂದಿಯಾಯಿತು. ಆದರೆ ಆ ಕಾಲದ ಬಹುಜನರು ನೂಲು ತೆಗೆದದ್ದು, ಮಕ್ಕಳನ್ನು ಮಲಗಿಸಿದ್ದು, ರೋಗಿಗಳ ಬಳಿ ಎಚ್ಚರವಿದ್ದದ್ದು ಆ ಕ್ಷೀಣ ಬೆಳಕಿನಲ್ಲಿಯೇ. ಉಳಿದ ಕಂಬಗಳಿಂದ ಮಾತ್ರವೇ ಒಂದು ಯುಗದ ಬೆಳಕನ್ನು ಅಳೆದರೆ ಅದರ ಕತ್ತಲೆ ಚರಿತ್ರೆಯ ಗಣನೆಗೆ ಬಾರದೆ ಹೋಗುತ್ತದೆ.